ಹಳೆಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಳೆಯ ಕಂಪ್ಯೂಟರಿಗೆ ಹೊಸ ಹಾರ್ಡ್ ಡಿಸ್ಕ್ ಹಾಕಿದ ಮೇಲೆ ಅದು ಕೆಲಸ ಮಾಡದಿದ್ದರೆ ಹೆಚ್ಚಿನವರು ಮೊದಲು ಅನುಮಾನಿಸುವುದು ಡಿಸ್ಕನ್ನೇ. ನಾನು ಕೈಯಾರೆ ಬಿಚ್ಚಿ ಜೋಡಿಸಿದ ಯಂತ್ರಗಳಲ್ಲಿ ಡಿಸ್ಕೇ ಕೆಟ್ಟಿದ್ದ ಸಂದರ್ಭಗಳು ಕಡಿಮೆ. ಬೇರೆ ಬೇರೆ ಕಾಲದಲ್ಲಿ ತಯಾರಾದ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳದೆ ನಿಂತಿದ್ದ ಸಂದರ್ಭಗಳೇ ಹೆಚ್ಚು. ಹೊಸ ಡಿಸ್ಕ್ ಬಳಕೆಗೆ ಬರುವ ಮುನ್ನ ನಾಲ್ಕು ಹಂತಗಳನ್ನು ದಾಟಬೇಕು. ಅದಕ್ಕೆ ವಿದ್ಯುತ್ ಸಿಗಬೇಕು, ಬಯೋಸ್ (ಕಂಪ್ಯೂಟರ್ ಆನ್ ಆದ ಕೂಡಲೇ ಓಡುವ, ಮದರ್‌ಬೋರ್ಡಿನಲ್ಲೇ ಇರುವ ತಂತ್ರಾಂಶ) ಅದನ್ನು ಗುರುತಿಸಬೇಕು, ಆಪರೇಟಿಂಗ್ ಸಿಸ್ಟಮ್ ಅದರ ಗಾತ್ರವನ್ನು ಸರಿಯಾಗಿ ಓದಬೇಕು, ಕೊನೆಗೆ ಅದರ ಮೇಲೆ ಪಾರ್ಟಿಷನ್ (ಕಡತಗಳಿಗೆಂದು ಗುರುತಿಸಿದ ಭಾಗ) ಮಾಡಿ ಫಾರ್ಮ್ಯಾಟ್ ಮಾಡಬೇಕು. ಯಾವ ಹಂತದಲ್ಲಿ ಕೆಲಸ ನಿಂತಿದೆ ಎಂದು ತಿಳಿದರೆ ಅರ್ಧ ಸಮಸ್ಯೆ ಬಗೆಹರಿದಂತೆ. ಕೆಳಗಿನ ಉತ್ತರಗಳನ್ನು ಸುಮಾರಾಗಿ ಇದೇ ಕ್ರಮದಲ್ಲಿ ಬರೆಯಲಾಗಿದೆ.

ಡಿಸ್ಕ್ ಜೋಡಿಸಿದ್ದೇನೆ, ಆದರೆ ವಿಂಡೋಸ್‌ನಲ್ಲಿ ಹೊಸ ಡ್ರೈವ್ ಕಾಣುತ್ತಿಲ್ಲ. ಎಲ್ಲಿಂದ ಶುರು ಮಾಡಬೇಕು?

ವಿಂಡೋಸ್‌ನಿಂದ ಶುರು ಮಾಡಬೇಡಿ, ಬಯೋಸ್‌ನಿಂದ ಶುರು ಮಾಡಿ. ಕಂಪ್ಯೂಟರ್ ಆನ್ ಆದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಲಿಯನ್ನು (ಕೆಲವು ಯಂತ್ರಗಳಲ್ಲಿ ಎಫ್10 ಅಥವಾ ಎಫ್1) ಒತ್ತಿ ಸೆಟಪ್ ಪುಟಕ್ಕೆ ಹೋಗಿ, ಅಲ್ಲಿರುವ ಡಿಸ್ಕುಗಳ ಪಟ್ಟಿಯಲ್ಲಿ ಹೊಸ ಡಿಸ್ಕಿನ ಮಾಡೆಲ್ ಸಂಖ್ಯೆಯೂ ಗಾತ್ರವೂ ಇವೆಯೇ ಎಂದು ನೋಡಿ. ಇದ್ದರೆ ಎರಡನ್ನೂ ಒಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಯೋಸ್‌ನಲ್ಲಿ ಕಂಡ ಡಿಸ್ಕ್ ವಿಂಡೋಸ್‌ನಲ್ಲಿ ಕಾಣದಿದ್ದರೆ ಗಾಬರಿಪಡುವ ಅಗತ್ಯವಿಲ್ಲ. ಹೊಸ ಡಿಸ್ಕ್ ಖಾಲಿಯಾಗಿ ಬರುತ್ತದೆ, ಪಾರ್ಟಿಷನ್ ಇಲ್ಲದ ಡಿಸ್ಕಿಗೆ ವಿಂಡೋಸ್ ಡ್ರೈವ್ ಅಕ್ಷರವನ್ನು ಕೊಡುವುದಿಲ್ಲ. ವಿಂಡೋಸ್‌ನಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದರೆ ಕೆಳಭಾಗದಲ್ಲಿ ‘ನಾಟ್ ಇನಿಶಿಯಲೈಸ್ಡ್’ ಎಂಬ ಗುರುತಿನೊಂದಿಗೆ ಅದು ಕಾಯುತ್ತಿರುತ್ತದೆ. ಅದನ್ನು ಇನಿಶಿಯಲೈಸ್ ಮಾಡಿ, ಪಾರ್ಟಿಷನ್ ರಚಿಸಿ, ಫಾರ್ಮ್ಯಾಟ್ ಮಾಡಿದರೆ ಕೆಲಸ ಮುಗಿಯಿತು. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಡಿಸ್ಕ್ ಹೊಸದಲ್ಲದೆ ಅದರಲ್ಲಿ ಮೊದಲೇ ಕಡತಗಳಿದ್ದರೆ, ಇನಿಶಿಯಲೈಸ್ ಮಾಡಲೇ ಎಂದು ವಿಂಡೋಸ್ ಕೇಳಿದಾಗ ಒಪ್ಪಬೇಡಿ.

ಡಿಸ್ಕ್ ತಿರುಗುತ್ತಲೇ ಇಲ್ಲ. ಸತ್ತೇ ಹೋಗಿದೆಯೇ?

ಮೊದಲು ಅದು ನಿಜವಾಗಿಯೂ ತಿರುಗುತ್ತಿಲ್ಲವೇ ಎಂದು ಖಚಿತಪಡಿಸಿಕೊಳ್ಳಿ. ಫ್ಯಾನಿನ ಸದ್ದಿನಲ್ಲಿ ಇಂದಿನ ಡಿಸ್ಕುಗಳ ಸದ್ದು ಕೇಳಿಸುವುದಿಲ್ಲ. ಕ್ಯಾಬಿನೆಟ್ಟಿನ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಂಡು, ಡಿಸ್ಕಿನ ಪಕ್ಕದ ಅಂಚಿಗೆ ಬೆರಳ ತುದಿಯನ್ನು ಮೆಲ್ಲಗೆ ತಾಗಿಸಿ ಕಂಪ್ಯೂಟರ್ ಆನ್ ಮಾಡಿಸಿ. ತಿರುಗಲು ಶುರುವಾದರೆ ಮೊದಲ ಕೆಲವು ಸೆಕೆಂಡುಗಳಲ್ಲಿ ಸಣ್ಣ ನಡುಕವೊಂದು ಏರುತ್ತಾ ಹೋಗಿ ನಂತರ ಸಮನಾಗುವುದು ಬೆರಳಿಗೆ ಗೊತ್ತಾಗುತ್ತದೆ. ಅಡಿಭಾಗದ ಹಸಿರು ಸರ್ಕ್ಯೂಟ್ ಬೋರ್ಡನ್ನು ಮಾತ್ರ ಮುಟ್ಟಬೇಡಿ.

ನಡುಕವೇ ಇಲ್ಲದಿದ್ದರೆ ಎಸ್‌ಎಂಪಿಎಸ್‌ನಿಂದ (ಯಂತ್ರದೊಳಗಿನ ವಿದ್ಯುತ್ ಪೂರೈಕೆಯ ಪೆಟ್ಟಿಗೆಯಿಂದ) ಬರುವ ಬೇರೊಂದು ಪವರ್ ಕನೆಕ್ಟರ್ ಹಾಕಿ ನೋಡಿ. 3.5 ಇಂಚಿನ ಡಿಸ್ಕಿಗೆ 5 ವೋಲ್ಟ್ ಮತ್ತು 12 ವೋಲ್ಟ್ ಎರಡೂ ಬೇಕು, ತಿರುಗಲು ಶುರುವಾಗುವ ಕ್ಷಣದಲ್ಲಿ 12 ವೋಲ್ಟ್ ಸಾಲಿನಿಂದ ಸುಮಾರು 2 ಆಂಪಿಯರ್‌ವರೆಗೆ ಎಳೆಯಬಹುದು. ವರ್ಷಗಟ್ಟಲೆ ದುಡಿದ ಎಸ್‌ಎಂಪಿಎಸ್ ಆ ಕ್ಷಣದಲ್ಲಿ ಸೋತರೆ ಡಿಸ್ಕ್ ಅರ್ಧಕ್ಕೇ ನಿಂತುಬಿಡುತ್ತದೆ, ಇಲ್ಲವೇ ಇಡೀ ಯಂತ್ರ ರೀಸ್ಟಾರ್ಟ್ ಆಗುತ್ತದೆ.

ಇನ್ನೊಂದು ಕಾರಣ ಹಲವರಿಗೆ ಗೊತ್ತಿಲ್ಲ, ಅದನ್ನು ತಿಳಿಯದೆ ಒಳ್ಳೆಯ ಡಿಸ್ಕುಗಳನ್ನು ಅಂಗಡಿಗೆ ಹಿಂದಿರುಗಿಸಿದವರಿದ್ದಾರೆ. ಸಾಟಾ (ಇಂದಿನ ಡಿಸ್ಕುಗಳನ್ನು ಜೋಡಿಸುವ ವ್ಯವಸ್ಥೆ) ಪವರ್ ಕನೆಕ್ಟರಿನಲ್ಲಿ 15 ಪಿನ್‌ಗಳಿವೆ. ಮೊದಲ ಮೂರು ಪಿನ್‌ಗಳು ಹಿಂದೆ 3.3 ವೋಲ್ಟ್ ಪೂರೈಕೆಗೆ ಮೀಸಲಾಗಿದ್ದವು. ಸಾಟಾ 3.3 ಮಾನದಂಡದಲ್ಲಿ ಮೂರನೆಯ ಪಿನ್ನಿಗೆ ಬೇರೆ ಕೆಲಸ ಕೊಡಲಾಯಿತು: ಅದರ ಮೇಲೆ ವೋಲ್ಟೇಜ್ ಇದ್ದರೆ ಡಿಸ್ಕ್ ತನ್ನನ್ನು ತಾನು ಆಫ್ ಮಾಡಿಕೊಳ್ಳಬೇಕು. ಸರ್ವರುಗಳಿಗೆಂದು ತಯಾರಾದ ಕೆಲವು ದೊಡ್ಡ ಗಾತ್ರದ ಡಿಸ್ಕುಗಳಲ್ಲಿಯೂ, ಬಾಹ್ಯ ಡ್ರೈವ್ ಒಡೆದು ಹೊರತೆಗೆದ ಕೆಲವು ಡಿಸ್ಕುಗಳಲ್ಲಿಯೂ ಈ ವ್ಯವಸ್ಥೆ ಇದೆ. ಹಳೆಯ ಎಸ್‌ಎಂಪಿಎಸ್ ಆ ಪಿನ್ನಿಗೆ ಸದಾ 3.3 ವೋಲ್ಟ್ ಕೊಡುತ್ತಲೇ ಇರುವುದರಿಂದ ಡಿಸ್ಕ್ ಏಳುವುದೇ ಇಲ್ಲ. ಡಿಸ್ಕಿನ ಪವರ್ ಭಾಗದಲ್ಲಿ ಡೇಟಾ ಕನೆಕ್ಟರಿಗೆ ಹತ್ತಿರವಾದ ತುದಿಯಿಂದ ಎಣಿಸಿ ಮೂರನೆಯ ಪಿನ್ನಿನ ಮೇಲೆ ಶಾಖ ತಡೆಯುವ ಪಾಲಿಮೈಡ್ ಟೇಪಿನ ಸಣ್ಣ ಪಟ್ಟಿಯನ್ನು ಅಂಟಿಸಿದರೆ ಸಮಸ್ಯೆ ಬಗೆಹರಿಯುತ್ತದೆ. ಅಷ್ಟು ಸಣ್ಣದಾಗಿ ಕತ್ತರಿಸಲು ಆಗದಿದ್ದರೆ ಮೊದಲ ಮೂರನ್ನೂ ಮುಚ್ಚಬಹುದು. ನಾಲ್ಕು ಪಿನ್ನಿನ ಮೋಲೆಕ್ಸ್ ಕನೆಕ್ಟರಿನಿಂದ ಸಾಟಾಗೆ ಬದಲಿಸುವ ಅಡಾಪ್ಟರಿನಲ್ಲಿ 3.3 ವೋಲ್ಟ್ ಸಾಲೇ ಇರುವುದಿಲ್ಲವಾದ್ದರಿಂದ ಅದೂ ಒಂದು ದಾರಿ. ಆದರೆ ತಂತಿಗಳನ್ನು ಪ್ಲಾಸ್ಟಿಕ್ಕಿನಲ್ಲಿ ಅಚ್ಚು ಹೊಯ್ದು ಮುಚ್ಚಿದ ಅಗ್ಗದ ಅಡಾಪ್ಟರುಗಳು ಒಳಗೇ ಶಾರ್ಟ್ ಆಗಿ ಸುಟ್ಟುಹೋಗಬಹುದು. ಪ್ರತಿ ತಂತಿಯೂ ಬೇರೆ ಬೇರೆಯಾಗಿ ಕ್ರಿಂಪ್ ಆಗಿರುವುದನ್ನೇ ಆರಿಸಿಕೊಳ್ಳಿ.

ಡಿಸ್ಕ್ ತಿರುಗುತ್ತಿದೆ, ಆದರೆ ಬಯೋಸ್‌ನಲ್ಲಿ ಕಾಣುತ್ತಿಲ್ಲ.

ಡೇಟಾ ಕೇಬಲ್ ಬದಲಿಸಿ, ಮದರ್‌ಬೋರ್ಡಿನ ಬೇರೊಂದು ಪೋರ್ಟಿಗೆ ಹಾಕಿ, ಆ ಪೋರ್ಟ್ ಬಯೋಸ್‌ನಲ್ಲಿ ಡಿಸೇಬಲ್ ಆಗಿಲ್ಲ ಎಂದು ನೋಡಿ. ಕೆಲವು ಹಳೆಯ ಮದರ್‌ಬೋರ್ಡುಗಳಲ್ಲಿ ಬಳಸದ ಸಾಟಾ ಪೋರ್ಟುಗಳನ್ನು ಮುಚ್ಚಿಟ್ಟಿರುತ್ತಾರೆ.

ಇವೆಲ್ಲ ಸರಿಯಿದ್ದೂ ಕಾಣದಿದ್ದರೆ ವೇಗದ ಹೊಂದಾಣಿಕೆಯನ್ನು ಅನುಮಾನಿಸಬೇಕು. 2003ರ ಸುಮಾರಿಗೆ ಬಂದ ಮೊದಲ ತಲೆಮಾರಿನ ಸಾಟಾ ವೇಗ ಸೆಕೆಂಡಿಗೆ 1.5 ಗಿಗಾಬಿಟ್, ಆಮೇಲಿನವು 3 ಮತ್ತು 6 ಗಿಗಾಬಿಟ್. ಹೊಸ ಡಿಸ್ಕ್ ಹಳೆಯ ಪೋರ್ಟಿನ ವೇಗಕ್ಕೆ ತಾನೇ ಇಳಿದು ಹೊಂದಿಕೊಳ್ಳಬೇಕು, ಸಾಮಾನ್ಯವಾಗಿ ಹೊಂದಿಕೊಳ್ಳುತ್ತದೆ ಕೂಡ. ಆದರೆ ಆ ಕಾಲದ ಕೆಲವು ಚಿಪ್‌ಸೆಟ್ಟುಗಳಲ್ಲಿ, ಮುಖ್ಯವಾಗಿ ವಿಐಎ ವಿಟಿ8237 ಇರುವ ಬೋರ್ಡುಗಳಲ್ಲಿ, ಈ ಮಾತುಕತೆ ಮುರಿದುಬಿದ್ದು ಡಿಸ್ಕ್ ಪತ್ತೆಯಾಗುವುದೇ ಇಲ್ಲ. ಹಲವು 3.5 ಇಂಚಿನ ಡಿಸ್ಕುಗಳಲ್ಲಿ ವೇಗವನ್ನು 1.5 ಗಿಗಾಬಿಟ್‌ಗೆ ಕಟ್ಟಿಹಾಕುವ ಜಂಪರ್ (ಎರಡು ಪಿನ್‌ಗಳನ್ನು ಜೋಡಿಸುವ ಪುಟ್ಟ ಮುಚ್ಚಳ) ಇರುತ್ತದೆ. ಜಂಪರ್ ಹಾಕುವ ಜಾಗವನ್ನು ಡಿಸ್ಕಿನ ಲೇಬಲ್ಲಿನಲ್ಲೋ ತಯಾರಕರ ಕೈಪಿಡಿಯಲ್ಲೋ ನೋಡಿಯೇ ಹಾಕಬೇಕು, ಊಹಿಸಿ ಹಾಕಬಾರದು. ಎಸ್‌ಎಸ್‌ಡಿಗಳಲ್ಲಿ (ತಿರುಗುವ ಭಾಗವಿಲ್ಲದ ಡ್ರೈವ್‌ಗಳಲ್ಲಿ) ಸಾಮಾನ್ಯವಾಗಿ ಇಂಥ ಜಂಪರ್ ಇರುವುದಿಲ್ಲ, ಅಂಥ ಬೋರ್ಡಿಗೆ ಪಿಸಿಐ ಸ್ಲಾಟಿನಲ್ಲಿ ಕೂರುವ ಸಾಟಾ ಕಾರ್ಡೇ ಪರಿಹಾರ.

ನನ್ನದು ಸಾಟಾಗೂ ಹಿಂದಿನ, ಚಪ್ಪಟೆ ರಿಬ್ಬನ್ ಕೇಬಲ್ಲಿನ ಐಡಿಇ ಯಂತ್ರ. ಎರಡನೆಯ ಡಿಸ್ಕ್ ಹಾಕಿದ ಮೇಲೆ ಎರಡೂ ಮಾಯವಾದವು.

ಎರಡು ಡಿಸ್ಕುಗಳ ಜಂಪರುಗಳೂ ಒಂದೇ ಸ್ಥಾನದಲ್ಲಿವೆ ಎಂದು ಅರ್ಥ. ಒಂದೇ ಕೇಬಲ್ಲಿನಲ್ಲಿ ಒಂದು ಮಾಸ್ಟರ್, ಇನ್ನೊಂದು ಸ್ಲೇವ್ ಆಗಿರಬೇಕು, ಇಲ್ಲವೇ ಎರಡೂ ಕೇಬಲ್ ಸೆಲೆಕ್ಟ್ ಸ್ಥಾನದಲ್ಲಿರಬೇಕು. 80 ತಂತಿಗಳ ಕೇಬಲ್ಲಿನಲ್ಲಿ ನೀಲಿ ಕನೆಕ್ಟರ್ ಮದರ್‌ಬೋರ್ಡಿಗೆ, ತುದಿಯ ಕಪ್ಪು ಮಾಸ್ಟರಿಗೆ, ನಡುವಿನ ಬೂದು ಬಣ್ಣದ್ದು ಸ್ಲೇವಿಗೆ. ಕೆಲವು ಡಿಸ್ಕುಗಳಲ್ಲಿ ಒಂಟಿಯಾಗಿರುವ ಮಾಸ್ಟರಿಗೂ ಜೊತೆಗೆ ಸ್ಲೇವ್ ಇರುವ ಮಾಸ್ಟರಿಗೂ ಬೇರೆ ಬೇರೆ ಜಂಪರ್ ಸ್ಥಾನಗಳಿವೆ, ಹಾಗಾಗಿ ಹಳೆಯ ಡಿಸ್ಕಿನ ಲೇಬಲ್ಲನ್ನೂ ಒಮ್ಮೆ ಓದಿ.

500 ಜಿಬಿ ಡಿಸ್ಕ್ ಕೊಂಡೆ, 465 ಜಿಬಿ ಮಾತ್ರ ತೋರಿಸುತ್ತಿದೆ.

ಏನೂ ಕಳೆದುಹೋಗಿಲ್ಲ. ತಯಾರಕರು ಒಂದು ಗಿಗಾಬೈಟಿಗೆ 100 ಕೋಟಿ ಬೈಟ್ ಎಂದು ಲೆಕ್ಕ ಹಾಕುತ್ತಾರೆ, ವಿಂಡೋಸ್ 107,37,41,824 ಬೈಟ್ ಎಂದು ಲೆಕ್ಕ ಹಾಕುತ್ತದೆ. ಇದೇ ಕಾರಣಕ್ಕೆ 1 ಟಿಬಿ ಡಿಸ್ಕ್ 931 ಜಿಬಿ ಎಂದು ಕಾಣುತ್ತದೆ.

ನನ್ನ ಡಿಸ್ಕ್ ಅದಕ್ಕಿಂತಲೂ ಬಹಳ ಕಡಿಮೆ ತೋರಿಸುತ್ತಿದೆ. ಇದರಿಂದ ಅಪಾಯವಿದೆಯೇ?

ಇದೆ. ಈ ಪುಟದಲ್ಲಿ ಒಂದೇ ಉತ್ತರ ಓದುವ ವ್ಯವಧಾನ ನಿಮಗಿದ್ದರೆ ಇದನ್ನು ಓದಿ.

ಡಿಸ್ಕ್ ಎಲ್ಲವನ್ನೂ ಸೆಕ್ಟರ್ ಎಂಬ ಸಣ್ಣ ತುಂಡುಗಳಲ್ಲಿ ಇಡುತ್ತದೆ, ಪ್ರತಿ ಸೆಕ್ಟರಿಗೂ ಒಂದು ಸಂಖ್ಯೆ ಇರುತ್ತದೆ. ಆ ಸಂಖ್ಯೆಯನ್ನು ಬರೆಯಲು ಯಂತ್ರ ಎಷ್ಟು ಬಿಟ್‌ಗಳನ್ನು ಇಟ್ಟುಕೊಂಡಿದೆಯೋ ಅಷ್ಟಕ್ಕೆ ಅದರ ದೃಷ್ಟಿ ಸೀಮಿತ. 1990ರ ದಶಕದ ಬಯೋಸ್‌ಗಳಲ್ಲಿ ಮೊದಲು 528 ಎಂಬಿ, ನಂತರ 8.4 ಜಿಬಿ, ಆಮೇಲೆ ಕೆಲವು ಬಯೋಸ್‌ಗಳಲ್ಲಿ 33.8 ಜಿಬಿ ಹೀಗೆ ಒಂದೊಂದೇ ಗೋಡೆ ಎದುರಾಯಿತು. 33.8 ಜಿಬಿಯ ಗೋಡೆ ಇರುವ ಕೆಲವು ಬಯೋಸ್‌ಗಳು ದೊಡ್ಡ ಡಿಸ್ಕನ್ನು ಕಂಡ ಕೂಡಲೇ ಪೂರ್ತಿ ಸ್ತಬ್ಧವಾಗುತ್ತವೆ. ಆ ಕಾರಣಕ್ಕಾಗಿಯೇ ಅನೇಕ ಐಡಿಇ ಡಿಸ್ಕುಗಳಲ್ಲಿ ಗಾತ್ರವನ್ನು 32 ಜಿಬಿಗೆ ಇಳಿಸಿ ತೋರಿಸುವ ಜಂಪರ್ ಇತ್ತು.

ಇಂದಿಗೂ ಜನ ಎಡವುವುದು ಅದರ ನಂತರದ ಗೋಡೆಗೆ. ಸೆಕ್ಟರ್ ಸಂಖ್ಯೆಗೆ 28 ಬಿಟ್‌ಗಳಿದ್ದ ಕಾಲದಲ್ಲಿ 26,84,35,456 ಸೆಕ್ಟರುಗಳನ್ನು ಮಾತ್ರ ಎಣಿಸಬಹುದಿತ್ತು. ಸೆಕ್ಟರಿಗೆ 512 ಬೈಟ್‌ನಂತೆ ಅದು 137 ಜಿಬಿ, ವಿಂಡೋಸ್ ಲೆಕ್ಕದಲ್ಲಿ 128 ಜಿಬಿ. 48 ಬಿಟ್‌ಗಳ ವ್ಯವಸ್ಥೆ ಎಟಿಎ-6 ಮಾನದಂಡದೊಂದಿಗೆ ಬಂತು. ವಿಂಡೋಸ್ ಎಕ್ಸ್‌ಪಿಗೆ ಆ ಬೆಂಬಲ ಪೂರ್ತಿಯಾಗಿ ದೊರೆತದ್ದು ಸರ್ವಿಸ್ ಪ್ಯಾಕ್ 1 (ಮೈಕ್ರೋಸಾಫ್ಟ್ ಕೊಟ್ಟ ಅಪ್‌ಡೇಟ್‌ಗಳ ಕಟ್ಟು) ಬಂದ ಮೇಲೆ.

ನನ್ನ ಹಳೆಯ ಎಕ್ಸ್‌ಪಿ ಯಂತ್ರದಲ್ಲಿ ಯಾವ ಸರ್ವಿಸ್ ಪ್ಯಾಕೂ ಇರಲಿಲ್ಲ. 160 ಜಿಬಿ ಡಿಸ್ಕನ್ನು ಗೆಳೆಯರೊಬ್ಬರ ಹೊಸ ಕಂಪ್ಯೂಟರಿನಲ್ಲಿ ಪೂರ್ತಿ ಗಾತ್ರಕ್ಕೆ ಫಾರ್ಮ್ಯಾಟ್ ಮಾಡಿಸಿ ತಂದು ನನ್ನದಕ್ಕೆ ಹಾಕಿದೆ. ತಿಂಗಳುಗಟ್ಟಲೆ ಎಲ್ಲವೂ ಸರಾಗವಾಗಿತ್ತು. ಒಂದು ದಿನ ಫೋಟೋಗಳ ದೊಡ್ಡ ಕಟ್ಟೊಂದನ್ನು ಕಾಪಿ ಮಾಡಿ, ಮಾರನೆಯ ದಿನ ತೆರೆದು ನೋಡಿದರೆ ಫೋಲ್ಡರುಗಳ ಹೆಸರಿದ್ದ ಕಡೆ ಚೌಕಗಳು, ಪ್ರಶ್ನಾರ್ಥಕ ಚಿಹ್ನೆಗಳು, ಸಾಲುಸಾಲು ಅರ್ಥವಿಲ್ಲದ ಗುರುತುಗಳು. 137 ಜಿಬಿ ದಾಟಿದ ಮೇಲೆ ಬರೆಯಬೇಕಾದ ಸೆಕ್ಟರ್ ಸಂಖ್ಯೆ 28 ಬಿಟ್‌ಗಳಲ್ಲಿ ಹಿಡಿಸದೆ ಮತ್ತೆ ಸೊನ್ನೆಯಿಂದ ಶುರುವಾಗಿತ್ತು. ಅಂದರೆ ಹೊಸ ಫೋಟೋಗಳು ಡಿಸ್ಕಿನ ಆರಂಭದಲ್ಲಿದ್ದ ಕಡತಪಟ್ಟಿಯ ಮೇಲೆಯೇ ಬರೆಯಲ್ಪಟ್ಟಿದ್ದವು. ಯಾವ ಎಚ್ಚರಿಕೆಯ ಸಂದೇಶವೂ ಬಂದಿರಲಿಲ್ಲ. ಆ ಫೋಟೋಗಳಲ್ಲಿ ಹಲವು ಮತ್ತೆ ಸಿಗಲಿಲ್ಲ.

ಆದ್ದರಿಂದ ನಿಯಮ ಹೀಗಿರಲಿ: ಬಯೋಸ್ ತೋರಿಸುವ ಗಾತ್ರ, ಆಪರೇಟಿಂಗ್ ಸಿಸ್ಟಮ್ ತೋರಿಸುವ ಗಾತ್ರ, ಲೇಬಲ್ಲಿನ ಮೇಲಿರುವ ಗಾತ್ರ, ಈ ಮೂರೂ (ಮೇಲೆ ಹೇಳಿದ ಗಿಗಾಬೈಟ್ ಲೆಕ್ಕದ ವ್ಯತ್ಯಾಸ ಬಿಟ್ಟು) ಹೊಂದುವವರೆಗೆ ಆ ಡಿಸ್ಕಿಗೆ ಬೆಲೆಬಾಳುವ ಯಾವುದನ್ನೂ ಬರೆಯಬೇಡಿ. ಹೊಂದದಿದ್ದರೆ ಬಯೋಸ್‌ಗೆ ತಯಾರಕರ ಅಪ್‌ಡೇಟ್ ಇದೆಯೇ ನೋಡಿ, ಸರ್ವಿಸ್ ಪ್ಯಾಕ್ ಹಾಕಿ. ಎರಡೂ ಸಾಧ್ಯವಿಲ್ಲದಿದ್ದರೆ ಸ್ವಂತ ಬಯೋಸ್ ಇರುವ ಕಂಟ್ರೋಲರ್ ಕಾರ್ಡ್ ಬಳಸಿ, ಅಥವಾ 128 ಜಿಬಿಯೊಳಗೆ ನಿಲ್ಲುವ ಡಿಸ್ಕನ್ನೇ ಹಾಕಿ.

3 ಟಿಬಿ ಡಿಸ್ಕ್ 746 ಜಿಬಿ ಎಂದು ತೋರಿಸುತ್ತಿದೆ. ಇದೂ ಅದೇ ಸಮಸ್ಯೆಯೇ?

ಅದೇ ಜಾತಿಯ ಸಮಸ್ಯೆ, ಗೋಡೆ ಮಾತ್ರ ಬೇರೆ. ಹಳೆಯ ಎಂಬಿಆರ್ ಪಾರ್ಟಿಷನ್ ಪಟ್ಟಿಯಲ್ಲಿ ಸೆಕ್ಟರ್ ಸಂಖ್ಯೆಗೆ 32 ಬಿಟ್‌ಗಳಿವೆ, ಅದರ ಮಿತಿ 2.2 ಟಿಬಿ. ಹಳೆಯ ಡ್ರೈವರೊಂದು 32 ಬಿಟ್‌ಗಳಲ್ಲೇ ಲೆಕ್ಕ ಹಾಕಿದಾಗ ಮೊದಲ 2.2 ಟಿಬಿ ಲೆಕ್ಕದಿಂದ ಬಿದ್ದುಹೋಗಿ, ಮಿಕ್ಕ 801 ಜಿಬಿ ಮಾತ್ರ ಉಳಿಯುತ್ತದೆ. ವಿಂಡೋಸ್ ಲೆಕ್ಕದಲ್ಲಿ ಅದೇ 746. ಸ್ಟೋರೇಜ್ ಕಂಟ್ರೋಲರಿನ ಡ್ರೈವರನ್ನು ಹೊಸ ಆವೃತ್ತಿಗೆ ಏರಿಸಿದರೆ ಇದು ಸಾಮಾನ್ಯವಾಗಿ ಸರಿಹೋಗುತ್ತದೆ.

ಪೂರ್ತಿ 3 ಟಿಬಿ ಬಳಸಬೇಕಾದರೆ ಡಿಸ್ಕನ್ನು ಎಂಬಿಆರ್ ಬದಲು ಜಿಪಿಟಿ ಎಂಬ ಹೊಸ ಪಾರ್ಟಿಷನ್ ಪಟ್ಟಿಯ ವಿಧಾನದಲ್ಲಿ ಇನಿಶಿಯಲೈಸ್ ಮಾಡಬೇಕು. ಕಡತಗಳನ್ನಿಡುವ ಡಿಸ್ಕಾಗಿ ಜಿಪಿಟಿಯನ್ನು ವಿಸ್ಟಾ ಮತ್ತು ನಂತರದ ಎಲ್ಲ ವಿಂಡೋಸ್‌ಗಳೂ ಓದುತ್ತವೆ, 32 ಬಿಟ್‌ನ ಎಕ್ಸ್‌ಪಿ ಓದುವುದಿಲ್ಲ. ಆದರೆ ಜಿಪಿಟಿ ಡಿಸ್ಕಿನಿಂದ ವಿಂಡೋಸ್ ಬೂಟ್ ಆಗಲು ಹಳೆಯ ಬಯೋಸ್‌ನ ಜಾಗಕ್ಕೆ ಬಂದ ಯುಇಎಫ್‌ಐ ಇರಲೇಬೇಕು. ಹಳೆಯ ಬಯೋಸ್ ಇರುವವರಿಗೆ ನನ್ನ ಸಲಹೆ: ವಿಂಡೋಸನ್ನು ಸಣ್ಣ ಡಿಸ್ಕಿನಲ್ಲಿಯೇ ಇಟ್ಟು ದೊಡ್ಡದನ್ನು ಕಡತಗಳಿಗೆ ಮಾತ್ರ ಬಳಸಿ. ಲಿನಕ್ಸ್ ಬಳಸುವವರು ಗ್ರಬ್ 2 ಎಂಬ ಬೂಟ್ ತಂತ್ರಾಂಶಕ್ಕಾಗಿ 1 ಎಂಬಿಯ ಒಂದು ಸಣ್ಣ ಬಯೋಸ್ ಬೂಟ್ ಪಾರ್ಟಿಷನ್ ಬಿಟ್ಟರೆ ಹಳೆಯ ಬಯೋಸ್‌ನಲ್ಲೂ ಜಿಪಿಟಿಯಿಂದ ಬೂಟ್ ಮಾಡಬಹುದು.

ಹೊಸ ಡಿಸ್ಕ್ ಹಾಕಿದ ಮೇಲೆ ಹಳೆಯ ವಿಂಡೋಸೇ ಬೂಟ್ ಆಗುತ್ತಿಲ್ಲ.

ಬಯೋಸ್ ಹೊಸ ಡಿಸ್ಕನ್ನು ಬೂಟ್ ಪಟ್ಟಿಯ ಮೊದಲಿಗೆ ಏರಿಸಿರುತ್ತದೆ. ಖಾಲಿ ಡಿಸ್ಕಿನಲ್ಲಿ ಬೂಟ್ ಮಾಡಲು ಏನೂ ಇಲ್ಲದ್ದರಿಂದ ಯಂತ್ರ ಅಲ್ಲಿಯೇ ನಿಲ್ಲುತ್ತದೆ. ಪಟ್ಟಿಯಲ್ಲಿ ಹಳೆಯ ಡಿಸ್ಕನ್ನು ಮತ್ತೆ ಮೇಲಕ್ಕೆ ತನ್ನಿ. ಅನೇಕ ಬಯೋಸ್‌ಗಳಲ್ಲಿ ‘ಹಾರ್ಡ್ ಡಿಸ್ಕ್ ಪ್ರಯಾರಿಟಿ’ ಎಂಬ ಎರಡನೆಯ ಪಟ್ಟಿಯೊಂದು ಪ್ರತ್ಯೇಕವಾಗಿ ಇರುತ್ತದೆ, ಅದನ್ನು ಬದಲಿಸುವುದನ್ನು ಮರೆಯಬೇಡಿ.

ಬಯೋಸ್‌ನಲ್ಲಿ ಐಡಿಇ ಇದ್ದದ್ದನ್ನು ಎಎಚ್‌ಸಿಐ ಮಾಡಿದೆ, ಈಗ ನೀಲಿ ಪರದೆ ಬರುತ್ತಿದೆ.

ಇವೆರಡೂ ಸಾಟಾ ಪೋರ್ಟುಗಳು ಕೆಲಸ ಮಾಡುವ ವಿಧಾನಗಳು: ಐಡಿಇ ಹಳೆಯದು, ಎಎಚ್‌ಸಿಐ ಹೊಸದು. 7ಬಿ ಎಂದು ಕೊನೆಗೊಳ್ಳುವ ಸ್ಟಾಪ್ ಕೋಡ್ ಬರುತ್ತಿದ್ದರೆ ಡಿಸ್ಕಿಗೆ ಏನೂ ಆಗಿಲ್ಲ. ಬೂಟ್ ಆಗುವ ಹೊತ್ತಿಗೆ ವಿಂಡೋಸ್ ತನ್ನ ಡಿಸ್ಕನ್ನೇ ತಲುಪಲಾರದೆ ನಿಂತಿದೆ, ಏಕೆಂದರೆ ಎಎಚ್‌ಸಿಐ ಡ್ರೈವರನ್ನು ಅದು ಲೋಡ್ ಮಾಡಿಲ್ಲ. ಸೆಟ್ಟಿಂಗನ್ನು ಮೊದಲಿದ್ದಂತೆ ಐಡಿಇಗೆ ತಂದರೆ ಮತ್ತೆ ಬೂಟ್ ಆಗುತ್ತದೆ. ಎಎಚ್‌ಸಿಐ ಬೇಕೇ ಬೇಕೆಂದರೆ ವಿಂಡೋಸ್ 10ರಲ್ಲಿ ಮೊದಲು ಸೇಫ್ ಮೋಡಿಗೆ ಬೂಟ್ ಆಗುವಂತೆ ಸಿದ್ಧಪಡಿಸಿ, ರೀಸ್ಟಾರ್ಟ್ ಮಾಡುವಾಗ ಬಯೋಸ್‌ನಲ್ಲಿ ಬದಲಿಸಿ, ಸೇಫ್ ಮೋಡಿನಲ್ಲಿ ಒಮ್ಮೆ ತೆರೆದು ನಂತರ ಸಾಮಾನ್ಯ ಬೂಟ್‌ಗೆ ಮರಳಬೇಕು. ವಿಂಡೋಸ್ 7ರಲ್ಲಿ ರಿಜಿಸ್ಟ್ರಿಯಲ್ಲಿ ಎಂಎಸ್‌ಎಎಚ್‌ಸಿಐ ಸೇವೆಯ ‘ಸ್ಟಾರ್ಟ್’ ಮೌಲ್ಯವನ್ನು ಮೊದಲೇ 0 ಮಾಡಿಕೊಳ್ಳಬೇಕು. ಎಕ್ಸ್‌ಪಿಯಲ್ಲಿ ಈ ಡ್ರೈವರೇ ಇಲ್ಲದ್ದರಿಂದ ಐಡಿಇ ಮೋಡ್ ಬಿಟ್ಟು ಅಲುಗದಿರುವುದು ಒಳ್ಳೆಯದು.

ಏನನ್ನೂ ಬದಲಿಸದೆ ಇದ್ದಕ್ಕಿದ್ದಂತೆ ಈ ತೊಂದರೆ ಬಂದರೆ ಗಡಿಯಾರ ನೋಡಿ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿದ್ದರೆ ಮದರ್‌ಬೋರ್ಡಿನ ಸಿಆರ್2032 ಬ್ಯಾಟರಿ ಮುಗಿದು, ಬಯೋಸ್ ಮೂಲ ಸೆಟ್ಟಿಂಗಿಗೆ ಮರಳಿದೆ ಎಂದು ತಿಳಿಯಬೇಕು.

ಹಳೆಯ ಡಿಸ್ಕನ್ನು ಹೊಸದಕ್ಕೆ ಕ್ಲೋನ್ ಮಾಡಿದೆ, ಅದು ಬೂಟ್ ಆಗುತ್ತಿಲ್ಲ.

ಕ್ಲೋನ್ (ಡಿಸ್ಕಿನ ಯಥಾವತ್ ನಕಲು) ಮುಗಿದ ಮೇಲೆ ಮೊದಲ ಸಲ ಬೂಟ್ ಮಾಡುವಾಗ ಹಳೆಯ ಡಿಸ್ಕಿನ ಕೇಬಲ್ ಕಿತ್ತಿಡಿ. ಎರಡು ಡಿಸ್ಕುಗಳಿಗೂ ಒಂದೇ ಗುರುತುಸಂಖ್ಯೆ ಇರುವುದರಿಂದ, ಎರಡನ್ನೂ ಒಟ್ಟಿಗೆ ಕಂಡ ವಿಂಡೋಸ್ ಒಂದನ್ನು ಆಫ್‌ಲೈನ್ ಮಾಡುತ್ತದೆ ಅಥವಾ ಅದರ ಗುರುತನ್ನು ಬದಲಿಸಿಬಿಡುತ್ತದೆ. ಒಂಟಿಯಾಗಿಯೂ ಬೂಟ್ ಆಗದಿದ್ದರೆ ಸಣ್ಣ ‘ಸಿಸ್ಟಮ್ ರಿಸರ್ವ್ಡ್’ ಪಾರ್ಟಿಷನ್ ಸೇರಿದಂತೆ ಎಲ್ಲ ಪಾರ್ಟಿಷನ್‌ಗಳೂ ಕಾಪಿಯಾಗಿವೆಯೇ, ಬೂಟ್ ಪಾರ್ಟಿಷನ್ ‘ಆಕ್ಟಿವ್’ ಎಂದು ಗುರುತಾಗಿದೆಯೇ ಎಂದು ನೋಡಿ. ವಿಂಡೋಸ್ ಇನ್‌ಸ್ಟಾಲ್ ಡಿಸ್ಕಿನ ಸ್ಟಾರ್ಟಪ್ ರಿಪೇರ್ ಇದನ್ನು ಹಲವು ಸಲ ತಾನೇ ಸರಿಪಡಿಸುತ್ತದೆ.

ಎಲ್ಲವೂ ಕೆಲಸ ಮಾಡುತ್ತಿದೆ, ಆದರೆ ಹೊಸ ಡಿಸ್ಕ್ ಹಳೆಯದಕ್ಕಿಂತ ನಿಧಾನ.

ಎಕ್ಸ್‌ಪಿ ಯಂತ್ರವಾದರೆ ಮೊದಲು ಪಾರ್ಟಿಷನ್ ಎಲ್ಲಿಂದ ಶುರುವಾಗಿದೆ ಎಂದು ನೋಡಿ. ಇಂದಿನ ಡಿಸ್ಕುಗಳ ಒಳಗೆ ಸೆಕ್ಟರ್ ಗಾತ್ರ 4096 ಬೈಟ್, ಹೊರಗೆ ಮಾತ್ರ 512 ಎಂದು ತೋರಿಸುತ್ತವೆ. ಎಕ್ಸ್‌ಪಿ ತನ್ನ ಮೊದಲ ಪಾರ್ಟಿಷನ್ನನ್ನು 63ನೆಯ ಸೆಕ್ಟರಿನಿಂದ ಶುರು ಮಾಡುತ್ತದೆ, ಒಂದು ಒಳಸೆಕ್ಟರಿನಲ್ಲಿ 512 ಬೈಟ್‌ನ ಎಂಟು ಸೆಕ್ಟರುಗಳಿರುತ್ತವೆ, ಆದರೆ 63 ಎಂಟರಿಂದ ಭಾಗವಾಗದ ಸಂಖ್ಯೆ. ಹೀಗಾಗಿ ಪ್ರತಿ ಬರಹವೂ ಎರಡು ಒಳಸೆಕ್ಟರುಗಳ ಮೇಲೆ ಅಡ್ಡಡ್ಡ ಬಿದ್ದು, ಡಿಸ್ಕ್ ಎರಡನ್ನೂ ಓದಿ, ತಿದ್ದಿ, ಮತ್ತೆ ಬರೆಯಬೇಕಾಗುತ್ತದೆ. ವಿಸ್ಟಾ ನಂತರದ ವಿಂಡೋಸ್‌ಗಳು 2048ನೆಯ ಸೆಕ್ಟರಿನಿಂದ ಶುರು ಮಾಡುವುದರಿಂದ ಅವುಗಳಲ್ಲಿ ಪಾರ್ಟಿಷನ್ ಮಾಡಿ ತಂದರೆ ಸಾಕು.

ಎರಡನೆಯ ಕಾರಣ ಕೇಬಲ್. ಐಡಿಇಯಲ್ಲಿ 40 ತಂತಿಗಳ ಕೇಬಲ್ ಇದ್ದರೆ ವೇಗ ಸೆಕೆಂಡಿಗೆ 33 ಎಂಬಿಯನ್ನು ದಾಟುವುದಿಲ್ಲ. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಡುವ ಸ್ಮಾರ್ಟ್ ಪಟ್ಟಿಯಲ್ಲಿ 199ನೆಯ ಅಂಶದ (ಡೇಟಾ ಸಾಗಣೆಯ ದೋಷಗಳ) ಎಣಿಕೆ ದಿನೇ ದಿನೇ ಏರುತ್ತಿದ್ದರೆ ತಪ್ಪು ಬಹುಪಾಲು ಕೇಬಲ್ಲಿನದ್ದು ಅಥವಾ ಕನೆಕ್ಟರಿನದ್ದು. ಕೇಬಲ್ ಬದಲಿಸಿದ ಮೇಲೆ ಆ ಸಂಖ್ಯೆ ಸೊನ್ನೆಗೆ ಇಳಿಯುವುದಿಲ್ಲ, ಏರುವುದು ನಿಲ್ಲುತ್ತದೆ ಅಷ್ಟೆ.

ಹಳೆಯ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕುವುದು ವ್ಯರ್ಥವೇ?

ಖಂಡಿತ ಅಲ್ಲ. ಸಾಟಾ 1.5 ಗಿಗಾಬಿಟ್ ಪೋರ್ಟಿನಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 150 ಎಂಬಿ, 3 ಗಿಗಾಬಿಟ್‌ನಲ್ಲಿ 300 ಎಂಬಿ ಹರಿಯಬಹುದು. ಆದರೆ ದಿನನಿತ್ಯದ ಕೆಲಸದಲ್ಲಿ ಅನುಭವಕ್ಕೆ ಬರುವುದು ಸಣ್ಣ ಸಣ್ಣ ಕಡತಗಳು ತೆರೆಯುವ ಚುರುಕು, ಅದು ಹಳೆಯ ಪೋರ್ಟಿನಲ್ಲೂ ಸಿಗುತ್ತದೆ. ಅಳಿಸಿದ ಜಾಗ ಯಾವುದೆಂದು ಎಸ್‌ಎಸ್‌ಡಿಗೆ ತಿಳಿಸುವ ಟ್ರಿಮ್ ಬೆಂಬಲ ವಿಂಡೋಸ್ 7ರಿಂದ ಇದೆ. ಪಿಸಿಐ ಎಕ್ಸ್‌ಪ್ರೆಸ್ ಅಡಾಪ್ಟರಿನಲ್ಲಿ ಎನ್‌ವಿಎಂಇ ಡ್ರೈವ್ (ಸಾಟಾ ಬಳಸದ ವೇಗದ ಎಸ್‌ಎಸ್‌ಡಿ) ಹಾಕುವ ಆಲೋಚನೆ ಇದ್ದರೆ, ಹಳೆಯ ಬಯೋಸ್ ಸಾಮಾನ್ಯವಾಗಿ ಅದರಿಂದ ಬೂಟ್ ಮಾಡಲಾರದು ಎಂಬುದು ನೆನಪಿರಲಿ. ಲ್ಯಾಪ್‌ಟಾಪ್ ಆದರೆ ದಪ್ಪವನ್ನೂ ಅಳೆದುಕೊಳ್ಳಿ: 9.5 ಮಿಲಿಮೀಟರ್ ಜಾಗದಲ್ಲಿ 7 ಮಿಲಿಮೀಟರಿನದು ಸಣ್ಣ ಚೌಕಟ್ಟಿನ ಸಹಾಯದಿಂದ ಕೂರುತ್ತದೆ, ಹೆಚ್ಚು ದಪ್ಪದ್ದು ಕೂರುವುದಿಲ್ಲ.

ಯುಎಸ್‌ಬಿ ಡಾಕ್‌ನಲ್ಲಿ ಫಾರ್ಮ್ಯಾಟ್ ಮಾಡಿ ಕಡತ ತುಂಬಿದ ಡಿಸ್ಕ್, ಒಳಗೆ ಹಾಕಿದರೆ ಖಾಲಿ ಎನ್ನುತ್ತಿದೆ.

ಕೆಲವು ಡಾಕ್‌ಗಳು (ಡಿಸ್ಕನ್ನು ಹೊರಗಿನಿಂದ ಯುಎಸ್‌ಬಿಗೆ ಜೋಡಿಸುವ ಸಾಧನಗಳು) 2.2 ಟಿಬಿ ಮಿತಿಯನ್ನು ದಾಟಲು 512 ಬೈಟ್ ಸೆಕ್ಟರುಗಳನ್ನು 4096 ಎಂದು ಬದಲಿಸಿ ತೋರಿಸುತ್ತವೆ. ನೇರವಾಗಿ ಸಾಟಾಗೆ ಹಾಕಿದಾಗ ಪಾರ್ಟಿಷನ್ ಪಟ್ಟಿಯ ಲೆಕ್ಕ ತಪ್ಪುತ್ತದೆ. ಕಡತಗಳು ಇದ್ದಲ್ಲಿಯೇ ಇವೆ. ಫಾರ್ಮ್ಯಾಟ್ ಮಾಡದೆ ಮತ್ತೆ ಅದೇ ಡಾಕ್‌ಗೆ ಹಾಕಿ, ಎಲ್ಲವನ್ನೂ ಬೇರೆಡೆಗೆ ಕಾಪಿ ಮಾಡಿಕೊಂಡು, ನಂತರ ಒಳಗೆ ಹಾಕಿ ಹೊಸದಾಗಿ ಪಾರ್ಟಿಷನ್ ಮಾಡಿ.

ಡಿಸ್ಕೇ ಕೆಟ್ಟಿದೆ ಎಂದು ಯಾವಾಗ ತೀರ್ಮಾನಿಸಬಹುದು?

ಬೇರೊಂದು ಕಂಪ್ಯೂಟರಿನಲ್ಲೂ ಅದೇ ವರ್ತನೆ ತೋರಿದಾಗ. ಒಂದೇ ಲಯದಲ್ಲಿ ಟಕ್ ಟಕ್ ಎಂದು ಬಡಿದು ನಿಂತು ಮತ್ತೆ ಬಡಿಯುವ ಡಿಸ್ಕನ್ನು, ಹಾಗೂ ಹೊಸದಾಗಿದ್ದೂ ಸ್ಮಾರ್ಟ್ ಪಟ್ಟಿಯ 5 ಅಥವಾ 197ನೆಯ ಅಂಶದ ಎಣಿಕೆ ಏರುತ್ತಿರುವ ಡಿಸ್ಕನ್ನು ವಾರಂಟಿಯಲ್ಲಿ ಬದಲಿಸಿಕೊಳ್ಳಿ. ಕ್ಯಾಬಿನೆಟ್ ಮುಚ್ಚುವ ಮೊದಲೇ ವಿಸ್ಟಾ ಅಥವಾ ನಂತರದ ವಿಂಡೋಸ್‌ನಲ್ಲಿ ಒಮ್ಮೆ ‘ಕ್ವಿಕ್’ ಅಲ್ಲದ ಪೂರ್ತಿ ಫಾರ್ಮ್ಯಾಟ್ ಮಾಡಿದರೆ ಪಾರ್ಟಿಷನ್ನಿನ ಉದ್ದಕ್ಕೂ ಸೊನ್ನೆ ಬರೆಯುವುದರಿಂದ ದೋಷಗಳು ಆಗಲೇ ಹೊರಬರುತ್ತವೆ. ದೊಡ್ಡ ಡಿಸ್ಕಿಗೆ ಇದು ಹಲವು ಗಂಟೆಗಳ ಕೆಲಸ, ಆದರೂ ನಾನು ಎಂದೂ ಬಿಟ್ಟಿಲ್ಲ.

ಹಳೆಯ ಡಿಸ್ಕನ್ನು ಯಾವಾಗ ಅಳಿಸಬಹುದು?

ಹೊಸದು ಕೆಲವು ವಾರ ತೊಂದರೆಯಿಲ್ಲದೆ ನಡೆದು, ಅದರ ಕಡತಗಳಿಗೆ ಇನ್ನೊಂದು ಪ್ರತಿ ಬೇರೆಡೆ ಇದೆ ಎಂದು ಖಚಿತವಾದ ಮೇಲೆ. ಅಲ್ಲಿಯವರೆಗೆ ಹಳೆಯದನ್ನು ಕಂಪ್ಯೂಟರಿನಿಂದ ಬಿಚ್ಚಿ, ಹೊಸ ಡಿಸ್ಕ್ ಬಂದಿದ್ದ, ಸ್ಥಾಯಿ ವಿದ್ಯುತ್ ತಡೆಯುವ ಬೆಳ್ಳಿಬಣ್ಣದ ಚೀಲದಲ್ಲಿ ಹಾಕಿ, ಮೇಲೆ ದಿನಾಂಕ ಬರೆದು ಒಣ ಜಾಗದಲ್ಲಿ ಇಡಿ.